ಹೊಗೆ ಇಳಿದರೂ ದೂಳು ಇಳಿಯದು

ಬೆಂಗಳೂರು: ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಪ್ರದೇಶಗಳ ವಾಯುಮಾಲಿನ್ಯಕ್ಕೆ ಹೊಸ ಕಾರು, ಶುದ್ಧ ಇಂಧನವೇ ಪರಿಹಾರವೆಂಬ ಭಾವನೆ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯವಷ್ಟೇ ಇದೆ.

2020ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂದಾಗ ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿಯಿತು. ಹೊಸ ವಾಹನಗಳ ಹೊಗೆಗೆ ಕಡಿವಾಣ ಬಿದ್ದಿತು. ಆದರೆ ಸವೆಯುವ ಟೈರು, ಉಜ್ಜುವ ಬ್ರೇಕು, ಚಕ್ರದಡಿಯಿಂದ ಮೇಲೇಳುವ ದೂಳು ಈ ಮಾನದಂಡದ ವ್ಯಾಪ್ತಿಗೆ ಬರುವುದಿಲ್ಲ. ವಿದ್ಯುತ್ ಕಾರೂ ದೂಳೆಬ್ಬಿಸುತ್ತದೆ. ಮೇಲಾಗಿ, ನಿಂತು ನಿಂತು ತೆವಳುವ ಪೆಟ್ರೋಲ್ ಕಾರು ಸರಾಗವಾಗಿ ಓಡುವ ಕಾರಿಗಿಂತ ಪ್ರತಿ ಕಿ.ಮೀ.ಗೆ ಹೆಚ್ಚು ಇಂಧನ ಸುಡುತ್ತದೆ. ಹೀಗಾಗಿ ಕಾರಿನ ಗುಣಮಟ್ಟದಷ್ಟೇ ಕಾರುಗಳ ಸಂಖ್ಯೆಯೂ ಮುಖ್ಯ.

ಆ ಸಂಖ್ಯೆಯನ್ನು ತಗ್ಗಿಸುವ ಪ್ರಯತ್ನವೊಂದು ನಗರದಲ್ಲಿಯೇ ನಡೆದಿತ್ತು. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ, ಸಾಲಾಗಿ ಗೂಟ ನೆಟ್ಟು ಒಂದು ಪಥವನ್ನು ಬಿಎಂಟಿಸಿ ಬಸ್ಸುಗಳಿಗೆ ಬಿಟ್ಟುಕೊಡಲಾಯಿತು. ಇದರ ಹಿಂದಿನ ಲೆಕ್ಕ ಸರಳ. ಒಬ್ಬೊಬ್ಬರೇ ಕುಳಿತ 50 ಕಾರುಗಳು ಒಂದರ ಹಿಂದೊಂದು ನಿಂತರೆ ಸಾಲು ಕಾಲು ಕಿ.ಮೀ. ಮೀರುತ್ತದೆ, ಅಷ್ಟೂ ಜನ ಒಂದೇ ಬಸ್ಸಿನಲ್ಲಿ ಹಿಡಿಸುತ್ತಾರೆ. ಕಾರಿನವರ ಗೊಣಗಾಟವೇನೋ ಇತ್ತು. ಆದರೆ ಪಥವನ್ನು ಅಳಿಸಿದ್ದು ಅದಲ್ಲ. ಮೊದಲು ಕೋವಿಡ್, ಬಳಿಕ ಮೆಟ್ರೊ ಕಾಮಗಾರಿ.

ಮೆಟ್ರೊ ಈಗ ಮೂರೂ ಕಡೆ ತಲುಪಿದೆ: ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ ನಡುವಿನ ಕೊಂಡಿ ಸೇರಿ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ. ಕೊನೆಯದು ಆರಂಭವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟು ಹೊತ್ತು ಕಾದು, ಇಳಿದ ಮೇಲೆ ಪಾದಚಾರಿ ಮಾರ್ಗವಿಲ್ಲದ ರಸ್ತೆಯಲ್ಲಿ ಒಂದೆರಡು ಕಿ.ಮೀ. ನಡೆಯಬೇಕಾದರೆ ಉದ್ಯೋಗಿಯ ಕೈ ಕಾರಿನ ಕೀಲಿಯತ್ತಲೇ ಹೋಗುತ್ತದೆ. ಕಚೇರಿಯಲ್ಲಿ ವಾಹನ ನಿಲುಗಡೆಯೂ ಉಚಿತವಾದರೆ ಹೇಳುವುದೇ ಬೇಡ. ನಿಲುಗಡೆಗೆ ಶುಲ್ಕ ವಿಧಿಸಿ, ಆ ಹಣದಲ್ಲಿ ನಿಲ್ದಾಣದಿಂದ ಕಚೇರಿಗೆ ಫೀಡರ್ ಬಸ್ ಓಡಿಸುವುದು ಕಂಪನಿಗಳಿಗೆ ಅಸಾಧ್ಯವಾದ ಕೆಲಸವೇನಲ್ಲ.

ಈ ಗಾಳಿಯನ್ನು ಹೆಚ್ಚು ಸೇವಿಸುವವರು ಕಾರಿನ ಗಾಜು ಏರಿಸಿ ಕುಳಿತವರಲ್ಲ. ಪೀಣ್ಯದಲ್ಲಿ ಬಸ್ಸಿಗೆ ಕಾಯುವ ಕಾರ್ಮಿಕರು, ರಸ್ತೆಬದಿಯ ವ್ಯಾಪಾರಿಗಳು, ಸಿಗ್ನಲ್‌ನಲ್ಲಿ ನಿಲ್ಲುವ ಸಂಚಾರ ಪೊಲೀಸರು. ಮೆಟ್ರೊ ಕಾಮಗಾರಿ ಮುಗಿದೆಡೆ ರಸ್ತೆಗೆ ಮತ್ತೆ ಡಾಂಬರು ಹಾಕುವಾಗ ಬಸ್ ಪಥವನ್ನೂ ಪಾದಚಾರಿ ಮಾರ್ಗವನ್ನೂ ಮೊದಲೇ ಗುರುತು ಮಾಡದಿದ್ದರೆ, ಬಳಿಕ ಆ ಜಾಗವನ್ನು ಕಾರುಗಳಿಂದ ಬಿಡಿಸಿಕೊಳ್ಳುವುದು ಕಷ್ಟ.