ಕಣ್ಣುರೆಪ್ಪೆ ಇಳಿದರೆ ಅಲಕ್ಷ್ಯ ಸಲ್ಲದು

ಮಗುವಿನ ಒಂದು ಕಣ್ಣು ಅರ್ಧ ಮುಚ್ಚಿದಂತಿದ್ದರೆ ‘ನಿದ್ದೆಗಣ್ಣು’ ಎಂದು ನಗುತ್ತೇವೆ. ಹಿರಿಯರ ರೆಪ್ಪೆ ಇಳಿದರೆ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಆದರೆ ಮೇಲಿನ ರೆಪ್ಪೆ ತಾನಾಗಿ ಜೋತುಬೀಳುವುದು ಒಂದು ರೋಗಲಕ್ಷಣ. ವೈದ್ಯರು ಇದನ್ನು ‘ಟೋಸಿಸ್’ ಎನ್ನುತ್ತಾರೆ.

ರೆಪ್ಪೆಯನ್ನು ಮೇಲೆತ್ತಲು ತೆಳುವಾದ ಸ್ನಾಯುವೊಂದಿದೆ. ಮಿದುಳಿನಿಂದ ಬರುವ ನರವು ಅದನ್ನು ನಡೆಸುತ್ತದೆ. ಸ್ನಾಯು, ನರ, ಇವೆರಡೂ ಕೂಡುವ ಸ್ಥಳ — ಈ ಮೂರರಲ್ಲಿ ಎಲ್ಲಿ ದೋಷವುಂಟಾದರೂ ರೆಪ್ಪೆ ಇಳಿಯುತ್ತದೆ.

ಕೆಲವು ಮಕ್ಕಳಲ್ಲಿ ಈ ಸ್ನಾಯು ಹುಟ್ಟಿನಿಂದಲೇ ದುರ್ಬಲವಾಗಿರುತ್ತದೆ. ರೆಪ್ಪೆಯು ಪಾಪೆಯನ್ನು ಮರೆಮಾಡಿದರೆ ಆ ಕಣ್ಣು ನೋಡುವುದನ್ನೇ ಕಲಿಯದೆ ದೃಷ್ಟಿ ಶಾಶ್ವತವಾಗಿ ಕುಂದಬಹುದು. ಆದ್ದರಿಂದ ‘ದೊಡ್ಡವನಾದ ಮೇಲೆ ಸರಿಹೋದೀತು’ ಎಂದು ಕಾಯದೆ ನೇತ್ರವೈದ್ಯರಿಗೆ ತೋರಿಸಬೇಕು. ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆಯಿಂದ ರೆಪ್ಪೆಯನ್ನು ಎತ್ತರಿಸುತ್ತಾರೆ. ವಯಸ್ಸಾದವರಲ್ಲಿ ಸ್ನಾಯುವಿನ ತುದಿ ಸಡಿಲಗೊಂಡು ರೆಪ್ಪೆ ನಿಧಾನವಾಗಿ ಇಳಿಯುತ್ತದೆ; ಇದಕ್ಕೂ ಶಸ್ತ್ರಚಿಕಿತ್ಸೆಯುಂಟು. ಬೆಳಿಗ್ಗೆ ಚೆನ್ನಾಗಿದ್ದ ರೆಪ್ಪೆ ಸಂಜೆಯ ವೇಳೆಗೆ ದಣಿದಂತೆ ಇಳಿಯುತ್ತಿದ್ದರೆ ‘ಮಯಸ್ತೇನಿಯಾ ಗ್ರೇವಿಸ್’ ಎಂಬ ಕಾಯಿಲೆಯಿರಬಹುದು. ಔಷಧಿಗಳಿಂದ ಇದನ್ನು ಹತೋಟಿಯಲ್ಲಿಡಬಹುದು.

ಹಠಾತ್ತನೆ ರೆಪ್ಪೆ ಇಳಿದರೆ ಮಾತ್ರ ಒಂದು ಗಳಿಗೆಯೂ ತಡಮಾಡಬಾರದು. ಜೊತೆಗೆ ತೀವ್ರ ತಲೆನೋವು ಬಂದರೆ, ವಸ್ತುಗಳು ಎರಡೆರಡಾಗಿ ಕಂಡರೆ ಮಿದುಳಿನ ರಕ್ತನಾಳದ ತೊಂದರೆಯಿರಬಹುದು.

ಹಳೇಕೋಟೆ, ಹೊಳೆನರಸೀಪುರದ ಕಡೆಯ ಕೃಷಿಕ ಬಂಧುಗಳು ಇನ್ನೊಂದು ಸಂಗತಿಯನ್ನು ಅವಶ್ಯವಾಗಿ ತಿಳಿದಿರಬೇಕು. ನಾಗರಹಾವು ಹಾಗೂ ಕಟ್ಟುಹಾವಿನ ವಿಷವು ನರ-ಸ್ನಾಯುಗಳ ಸಂಬಂಧವನ್ನು ಕಡಿಯುತ್ತದೆ. ಅದರ ಮೊದಲ ಗುರುತುಗಳಲ್ಲಿ ರೆಪ್ಪೆ ಇಳಿಯುವುದೂ ಒಂದು. ಮುಂದೆ ಮಾತು, ನುಂಗುವಿಕೆ, ಕೊನೆಗೆ ಉಸಿರಾಟವೇ ನಿಲ್ಲಬಹುದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದುಂಟು. ನೋವಾಗಲಿ ಊತವಾಗಲಿ ಇಲ್ಲದಿರುವುದರಿಂದ ಕಚ್ಚಿದ್ದೇ ತಿಳಿಯದು. ಬೆಳಗಿನ ಜಾವ ಹೊಟ್ಟೆನೋವಿನಿಂದ ಎದ್ದವರ ರೆಪ್ಪೆ ತೆರೆಯಲಾಗದಿದ್ದರೆ ಹಾವಿನ ಕಡಿತವೆಂದೇ ಶಂಕಿಸಬೇಕು. ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುತ್ತ ಕಾಲ ಕಳೆಯುವುದು ಬೇಡ. ರೋಗಿಯನ್ನು ಅಲುಗಾಡಿಸದೆ, 108ಕ್ಕೆ ಕರೆಮಾಡಿ, ಪ್ರತಿವಿಷ ದೊರೆಯುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ರೆಪ್ಪೆ ಇಳಿದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ಎಂದಿನಿಂದ? ಹುಟ್ಟಿನಿಂದಲೋ, ವರ್ಷಗಳಿಂದಲೋ ಇದ್ದರೆ ನೇತ್ರವೈದ್ಯರನ್ನು ಕಾಣೋಣ. ಇಂದೇ ಆಗಿದ್ದರೆ ಈ ಕ್ಷಣವೇ ಆಸ್ಪತ್ರೆಗೆ ಹೊರಡೋಣ.