ಹೂಡಿಕೆಯ ಲೆಕ್ಕ ಮತ್ತು ಗಣಕದ ಅಭ್ಯಾಸ

ಹೂಡಿಕೆಯ ವೃತ್ತಿ ಎಂದೊಡನೆ ಸೇಡಂ, ಚಿತ್ತಾಪುರಗಳ ತರುಣರ ಕಣ್ಣೆದುರು ಬರುವುದು ಮೊಬೈಲಿನಲ್ಲಿ ಏರಿಳಿಯುವ ಕೆಂಪು ಹಸುರು ಗೆರೆಗಳು. ಅದು ಹೂಡಿಕೆಯಲ್ಲ, ಸಟ್ಟಾ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರಕ್ಕೆ ಇಳಿದ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ನಷ್ಟವನ್ನೇ ಕಂಡರು. ಹೂಡಿಕೆ ನಿರ್ವಹಣೆ ಬೇರೆಯೇ ಕೆಲಸ. ಪರರ ಪಿಂಚಣಿ, ವಿಮೆ, ಸಣ್ಣ ಉಳಿತಾಯಗಳ ಹಣವನ್ನು ಎಲ್ಲಿ, ಯಾವ ಬೆಲೆಗೆ, ಎಷ್ಟು ಕಾಲ ತೊಡಗಿಸಬೇಕೆಂದು ನಿರ್ಧರಿಸುವುದು ಅದರ ತಿರುಳು. ಅದಕ್ಕೆ ಬೇಕಾದ ಗಣಕವಿದ್ಯೆ ಯಾವುದೆಂಬುದೇ ಈ ಭಾಷಣದ ವಿಷಯ.

ಕನ್ನಡದ ಮೇಷ್ಟರಿಗೇಕೆ ಈ ಉಸಾಬರಿ ಎಂದು ಕೇಳುವವರುಂಟು. ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳಿವೆ. ‘ಕವಿರಾಜಮಾರ್ಗ’ವನ್ನು ಪಾಠ ಹೇಳಿದವನಿಗೆ ಅದೇ ಆಸ್ಥಾನದ ಕಾಲದ ಈ ಗ್ರಂಥ ಅನ್ಯವೇನೂ ಅಲ್ಲ.

ಮೊದಲು ಕಲಿಯಬೇಕಾದುದು ಸ್ಪ್ರೆಡ್‌ಶೀಟು. 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ಬಂದ ಈ ಬಗೆಯ ಸಾಧನ ಇಂದು ಎಕ್ಸೆಲ್ ರೂಪದಲ್ಲಿ ಎಲ್ಲೆಡೆಯೂ ಇದೆ. ಅಡತಿ ಅಂಗಡಿಯ ಖತಾವಣಿಯಂತೆಯೇ ಇದು. ಆದರೆ ಒಂದು ಮನೆಯ ಅಂಕಿಯನ್ನು ಬದಲಿಸಿದರೆ ಅದನ್ನು ಅವಲಂಬಿಸಿದ ಮನೆಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ವಾಡಿಯ ಸಿಮೆಂಟನ್ನೇ ತೆಗೆದುಕೊಳ್ಳೋಣ. ಒಂದು ಟನ್ನಿಗೆ 50 ಕಿಲೋ ತೂಕದ 20 ಚೀಲ. ಟನ್ನಿಗೆ 800 ರೂಪಾಯಿ ಲಾಭವಿದೆ ಎಂದಿಟ್ಟುಕೊಂಡರೆ, ಚೀಲದ ಬೆಲೆ 10 ರೂಪಾಯಿ ಇಳಿದಾಗ ಟನ್ನಿಗೆ 200 ರೂಪಾಯಿ ಹೋಗಿ ಲಾಭದ ಕಾಲುಭಾಗವೇ ಕರಗಿತು! ಕಲ್ಲಿದ್ದಲು ತುಟ್ಟಿಯಾದರೆ, ಸಾಗಾಣಿಕೆ ಏರಿದರೆ ಏನಾದೀತು? ಇಂಥ ಪ್ರಶ್ನೆಗಳನ್ನು ಹಾಳೆಗೆ ಕೇಳಲು ಬರಬೇಕು. ಜೊತೆಗೆ, ವರ್ಷದ ಬಳಿಕ ಬರುವ 110 ರೂಪಾಯಿ, ಶೇಕಡಾ 10ರ ದರದಲ್ಲಿ, ಇಂದಿನ 100ಕ್ಕೆ ಸಮ ಎಂಬ ಸೂತ್ರವೂ ತಿಳಿದಿರಬೇಕು. ಚಿತ್ತಾಪುರದ ಕಾರ್ಖಾನೆಯೂ ಸೇರಿದ್ದ ಓರಿಯಂಟ್ ಸಿಮೆಂಟಿನ ಷೇರಿಗೆ 395 ರೂಪಾಯಿ 40 ಪೈಸೆ ಕೊಡಲು ಅಂಬುಜಾ ಕಂಪನಿ 2024ರಲ್ಲಿ ಒಪ್ಪಿತಲ್ಲ, ಅಂಥ ಬೆಲೆಗಳನ್ನು ತೂಗಿ ನೋಡುವವರ ಕೈಯಲ್ಲಿ ಇರುವುದು ಇಂಥ ಹಾಳೆಗಳೇ.

ಹಾಳೆ ಸುಂದರವಾಗಿದ್ದ ಮಾತ್ರಕ್ಕೆ ಲೆಕ್ಕ ಸರಿಯೆನ್ನಲಾಗದು. ರೈನ್‌ಹಾರ್ಟ್ ಮತ್ತು ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ದೇಶಗಳ ಸಾಲ ಮತ್ತು ಬೆಳವಣಿಗೆಯನ್ನು ಕುರಿತು 2010ರಲ್ಲಿ ಬರೆದ ಪ್ರಬಂಧದಲ್ಲಿ, ಸರಾಸರಿಯ ಸೂತ್ರ ಐದು ದೇಶಗಳನ್ನು ಬಿಟ್ಟೇ ಬಿಟ್ಟಿತ್ತು. ಆ ವೇಳೆಗೆ ಹಲವು ಸರ್ಕಾರಗಳ ಮಿತವ್ಯಯದ ವಾದಕ್ಕೆ ಆ ಪ್ರಬಂಧ ಆಧಾರವಾಗಿಬಿಟ್ಟಿತ್ತು. ಅವರ ಹಾಳೆಯನ್ನು ತರಿಸಿಕೊಂಡು 2013ರಲ್ಲಿ ದೋಷವನ್ನು ತೋರಿಸಿದವನು ಥಾಮಸ್ ಹರ್ನ್‌ಡನ್ ಎಂಬ ಒಬ್ಬ ವಿದ್ಯಾರ್ಥಿ. ಸೂತ್ರ ಬರೆಯುವುದಕ್ಕಿಂತ ಪರರ ಸೂತ್ರವನ್ನು ಓದಿ ಪರೀಕ್ಷಿಸುವ ಅಭ್ಯಾಸವನ್ನೇ ನಾನು ಹೆಚ್ಚೆಂದು ಎಣಿಸುತ್ತೇನೆ. ಹಸ್ತಪ್ರತಿಗಳ ಪಾಠಾಂತರ ನೋಡಿದವರಿಗೆ ಈ ಕೆಲಸದ ರುಚಿ ಗೊತ್ತು.

ಅಂಕಿಗಳು ಲಕ್ಷಗಟ್ಟಲೆಯಾದಾಗ ಸ್ಪ್ರೆಡ್‌ಶೀಟು ಸೋಲುತ್ತದೆ. ದತ್ತಾಂಶದ ಕಣಜದಿಂದ ಬೇಕಾದುದನ್ನು ಹೆಕ್ಕಲು ಎಸ್‌ಕ್ಯೂಎಲ್, ಹೆಕ್ಕಿದ್ದನ್ನು ಹಸನುಗೊಳಿಸಲು ಪೈಥಾನ್ ಬೇಕು. ಶಹಾಬಾದಿನ ಹಾಸುಗಲ್ಲಿಗಾಗಲಿ ಚಿಂಚೋಳಿಯ ತೊಗರಿಗಾಗಲಿ ವಾರ್ಷಿಕ ವರದಿ ಎಂಬುದಿಲ್ಲ. ಆದರೆ ತೊಗರಿಯ ದಿನದ ಧಾರಣೆ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಸಿಗುತ್ತದೆ. ಐದು ವರ್ಷದ ಧಾರಣೆಯನ್ನು ತಂದು, ರಜೆಯ ದಿನಗಳ ಖಾಲಿ ಜಾಗಗಳನ್ನೂ ತಪ್ಪಿ ಬಿದ್ದ ಸೊನ್ನೆಗಳನ್ನೂ ಗುರುತಿಸಿ ಸುಗ್ಗಿಯ ಇಳಿತವನ್ನು ತೋರಿಸಿದರೆ ಪೈಥಾನಿನ ಮೊದಲ ಪಾಠ ಮುಗಿದಂತೆ.

ಬ್ಲೂಮ್‌ಬರ್ಗ್ ಟರ್ಮಿನಲ್ಲಿನ ಹೆಸರು ಹೇಳಿ ದೊಡ್ಡ ಶುಲ್ಕ ಕೇಳುವವರಿದ್ದಾರೆ. ಅದು ಕೆಲಸಕ್ಕೆ ಸೇರಿದ ಮೇಲೆ ಕಚೇರಿಯೇ ಒದಗಿಸುವ ವಸ್ತು. ಅದಕ್ಕಾಗಿ ತಂದೆ ಹೊಲ ಅಡವಿಡಬೇಕಿಲ್ಲ. ಸೆಬಿ 2006ರಲ್ಲಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಸಂಶೋಧನಾ ವಿಶ್ಲೇಷಕರ ಪರೀಕ್ಷೆಗೆ ಕುಳಿತುಕೊಳ್ಳುವುದು ಮೇಲು. ಎಕ್ಸೆಲ್ ಕೊಳ್ಳಲಾಗದವರಿಗೆ ಲಿಬ್ರೆಆಫೀಸ್ ಪುಕ್ಕಟೆಯಾಗಿ ದೊರೆಯುತ್ತದೆ. ಸೇಡಂ, ಮಳಖೇಡಗಳ ಕಾರ್ಖಾನೆಗಳನ್ನು ನಡೆಸುವ ಅಲ್ಟ್ರಾಟೆಕ್‌ನ ವಾರ್ಷಿಕ ವರದಿಗಳು ಷೇರುಪೇಟೆಯ ತಾಣದಲ್ಲಿ ತೆರೆದೇ ಇವೆ. ಐದು ವರ್ಷದ ವರದಿಗಳನ್ನು ಇಳಿಸಿಕೊಂಡು, ಇಂಧನದ ಖರ್ಚನ್ನು ಒಂದು ಸಾಲಿನಲ್ಲಿ, ಸಾಗಾಣಿಕೆಯದನ್ನು ಅದರ ಕೆಳಗಿನ ಸಾಲಿನಲ್ಲಿ ಬರೆದುಕೊಂಡು ಆರಂಭಿಸಬಹುದು.