ಹಲ್ಲಿನಲ್ಲಿ ಉಳಿದ ಊಟ

ತಳಿ, ಡೆಂಕಣಿಕೋಟೆ ಕಡೆಯ ರಾಗಿ ಹೊಲದ ಇಲಿಯೂ ಕೃಷ್ಣಗಿರಿ ಅಣೆಕಟ್ಟಿನ ಕೆಳಗಿನ ಗದ್ದೆಯ ಇಲಿಯೂ ನೋಡಲು ಒಂದೇ. ಆದರೆ ಎರಡರ ಹಲ್ಲು ಪರೀಕ್ಷಿಸಿದರೆ ಯಾವುದು ರಾಗಿ ತಿಂದು ಬೆಳೆದದ್ದು, ಯಾವುದು ಭತ್ತ ತಿಂದದ್ದು ಎಂದು ತಿಳಿಯುತ್ತದೆ. ರಾಗಿ, ಜೋಳ, ಕಬ್ಬು ಮತ್ತು ನಮ್ಮ ಬಯಲಿನ ಹಲವು ಹುಲ್ಲುಗಳು ಗಾಳಿಯಿಂದ ಇಂಗಾಲ ಹಿಡಿಯುವ ಕ್ರಮ ಬೇರೆ. ಭತ್ತ, ಅವರೆ, ಮಾವಿನದು ಬೇರೆ. ಮೊದಲ ಗುಂಪಿನಲ್ಲಿ ಇಂಗಾಲ-13 ಎಂಬ ತುಸು ಭಾರದ ಇಂಗಾಲ ಸ್ವಲ್ಪ ಹೆಚ್ಚು. ತಿಂದ ಪ್ರಾಣಿಯ ಹಲ್ಲಿನ ಎನಾಮೆಲ್‌ನಲ್ಲಿ ಆ ಲೆಕ್ಕ ಲಕ್ಷಾಂತರ ವರ್ಷ ಅಳಿಯದೆ ಉಳಿಯುತ್ತದೆ.

ಪಾಕಿಸ್ತಾನದ ಪೊಟ್ವಾರ್ ಪ್ರಸ್ಥಭೂಮಿಯ ಶಿವಾಲಿಕ್ ಪದರಗಳಲ್ಲಿ ಸಿಕ್ಕ ಅಳಿದ ಇಲಿಗಳ ಹಲ್ಲನ್ನು ಹೀಗೆಯೇ ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ರಾಜೀವ್ ಪಟ್ನಾಯಕ್ ಕೂಡ ಆ ತಂಡದಲ್ಲಿದ್ದರು. ಅಲ್ಲಿನ ಎರಡು ವಂಶಗಳ ಪೈಕಿ ಕಾರ್ನಿಮಾಟ (ಇಲಿಗಳ ಗುಡಿಯ ಕರ್ಣಿ ಮಾತೆ ನೆನಪಾಗದಿರಳು!) ಪ್ರೊಗೊನಮಿಸ್‌ಗಿಂತ ಹೆಚ್ಚು ಹುಲ್ಲಿನ ಕಡೆ ವಾಲಿತ್ತು. ಹಲ್ಲಿನ ಆಕಾರವೂ ಜೊತೆಜೊತೆಗೆ ಬದಲಾಗಿತ್ತು.

ಇಂಗಾಲವೊಂದನ್ನೇ ನಂಬುವಂತಿಲ್ಲ. ಹುಲ್ಲು ತಿಂದ ಗೆದ್ದಲನ್ನು ಇಲಿ ತಿಂದರೂ ಲೆಕ್ಕ ಅದೇ ಬರುತ್ತದೆ. ಹಾಗಾಗಿ ಸವೆತವನ್ನೂ ನೋಡುತ್ತಾರೆ. ಕಬ್ಬಿನ ಗರಿ ಕೈ ಕೊಯ್ಯುವುದು ಅದರಲ್ಲಿರುವ ಸಿಲಿಕಾದಿಂದ. ಹುಲ್ಲು ಅಗಿದ ಹಲ್ಲಿನ ಮೇಲೆ ಗೀರುಗಳು ಹೆಚ್ಚು, ಗಟ್ಟಿ ಕಾಳು ಒಡೆದ ಹಲ್ಲಿನಲ್ಲಿ ಕುಳಿಗಳು ಹೆಚ್ಚು.

ಈ ಗುರುತುಗಳ ಅರ್ಥ ಗೊತ್ತಾಗಬೇಕಾದರೆ ಬದುಕಿರುವ ಇಲಿ ಏನು ತಿನ್ನುತ್ತದೆಂದು ಯಾರಾದರೂ ನೋಡಿರಬೇಕು. ಇಲ್ಲಿ ಕನ್ನಡನಾಡು ಬರುತ್ತದೆ. ಧಾರವಾಡದಲ್ಲಿದ್ದ ಅಧಿಕಾರಿ ವಾಲ್ಟರ್ ಎಲಿಯಟ್ ಕಳಿಸಿದ ಪೊದೆ ಇಲಿಗೆ 1837ರಲ್ಲಿ ಗೋಲುಂಡ ಎಲಿಯೊಟಿ ಎಂದು ಹೆಸರಿಟ್ಟರು. ಜೆರ್ಡನ್ನರ 1867ರ ಸಸ್ತನಿಗಳ ಪುಸ್ತಕದಲ್ಲಿ ಅದರ ಕನ್ನಡ ಹೆಸರು 'ಗುಲಂಡಿ'. ಮುಖ್ಯ ಆಹಾರ ಗರಿಕೆ ಮತ್ತಿತರ ಹುಲ್ಲಿನ ಬೇರು. ಇದರ ದವಡೆ ಹಲ್ಲಿನ ಗುಬುಟುಗಳು ಸೇರಿ ಅಡ್ಡ ಏಣುಗಳಾಗಿವೆ. ಶಿವಾಲಿಕ್‌ನಲ್ಲಿ ಇದರ ಅಳಿದ ಬಂಧುವಿನ ಹಲ್ಲೂ ಸಿಕ್ಕಿದೆ. ಅದರ ಊಟ ಊಹಿಸಲು ಗುಲಂಡಿಯೇ ಅಳತೆಗೋಲು.

ನಮ್ಮ ಸೀಮೆಯ ಹಿರಿಯರಲ್ಲಿ ಯಾರಾದರೂ 'ಗುಲಂಡಿ' ಎಂಬ ಮಾತು ಕೇಳಿದ್ದೀರಾ? ಹೊಲದ ಬದುವಿನ ಪೊದೆಯ ಇಲಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ? ಮುಂದಿನ ಸಭೆಗೆ ಬರುವಾಗ ಮನೆಯಲ್ಲಿ ಕೇಳಿಕೊಂಡು ಬನ್ನಿ, ಬರೆದಿಟ್ಟುಕೊಳ್ಳುತ್ತೇವೆ.